ಎಲ್ಲಿ ಉಳಿಸಿದಿರಿ ಮಾರಾಯ್ರೆ?
(ಉಡುಪಿಯಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ‘ತಂತ್ರಜ್ಞಾನ ಮತ್ತು ಸಾಮಾನ್ಯ ಜನ’. ನಾಲ್ಕು ಪುಟ ಬರೆದುಕೊಂಡೂ ಬಂದಿದ್ದೇನೆ. ಆದರೆ ಮೊದಲು ಮಾತಾಡಿದ ಹಿರಿಯರು ಒಂದು ಮಾತು ಹೇಳಿದರು. ಅಗ್ಗಕ್ಕೆ ಕೊಟ್ಟು ಕೊಟ್ಟು ಜನರನ್ನು ಹಾಳು ಮಾಡಿದ್ದಾರೆ, ಐದು ರೂಪಾಯಿಗೆ ತಿಂಡಿ ಸಿಕ್ಕಿದರೆ ದುಡಿಯುವವರು ಯಾರು ಅಂತ. ಅವರ ಮೇಲೆ ನನಗೆ ಗೌರವ ಉಂಟು. ಆದರೆ ಈ ಮಾತನ್ನು ಉಡುಪಿಯಲ್ಲಿ ಕೇಳಿ ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ. ಕೃಷ್ಣನನ್ನು ಬಿಟ್ಟರೆ ಈ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದೇ ಕಡಿಮೆ ದುಡ್ಡಿನ ಒಳ್ಳೆಯ ತಿಂಡಿಯಿಂದ, ಅಲ್ವಾ?

ಅಗ್ಗದ ವಸ್ತು ಯಾವುದೇ ಇರಲಿ, ನಾನು ಕೇಳುವುದು ಒಂದೇ ಪ್ರಶ್ನೆ. ಎಲ್ಲಿ ಉಳಿಸಿದಿರಿ ಮಾರಾಯ್ರೆ? ಬೆಲೆ ಇಳಿದಿದೆ ಅಂದರೆ ಎಲ್ಲೋ ಏನೋ ಉಳಿಸಿದ್ದಾರೆ. ಅದು ಆಡಂಬರದಲ್ಲಿ ಉಳಿಸಿದ್ದೋ, ತಿನ್ನುವವನ ಹೊಟ್ಟೆಯಲ್ಲಿ ಉಳಿಸಿದ್ದೋ, ಕೆಲಸದ ಹುಡುಗನ ಸಂಬಳದಲ್ಲಿ ಉಳಿಸಿದ್ದೋ? ಇಷ್ಟು ಗೊತ್ತಾದರೆ ನನಗೆ ಸಾಕು.

ಬನ್ಸ್ ನೋಡಿ. ಬಾಳೆಹಣ್ಣು ಜಾಸ್ತಿ ಹಣ್ಣಾಗಿ ಸಿಪ್ಪೆ ಕಪ್ಪಾದರೆ ಯಾರೂ ತಿನ್ನುವುದಿಲ್ಲ. ಅದನ್ನೇ ಮೈದಾ, ಮೊಸರು ಹಾಕಿ ನಾದಿ ಎಣ್ಣೆಗೆ ಬಿಟ್ಟರೆ ಬನ್ಸ್. ಗೋಳಿಬಜೆಗೆ ಹುಳಿ ಬಂದ ಮೊಸರು. ಬಿಸಾಡಲು ಹೊರಟದ್ದನ್ನು ತಿಂಡಿ ಮಾಡಿ, ಅದಕ್ಕಾಗಿಯೇ ಜನ ಸಾಲು ನಿಲ್ಲುವ ಹಾಗೆ ಮಾಡಿದ ಆ ಹೆಸರಿಲ್ಲದ ಅಡುಗೆಯವರನ್ನು ನಾನು ದೊಡ್ಡ ತಂತ್ರಜ್ಞರು ಅಂತಲೇ ಕರೆಯುತ್ತೇನೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಶುರುವಾದವು. ಅಲ್ಲಿ ಕುರ್ಚಿ ತೆಗೆದರು, ಸಪ್ಲೈಯರ್ ತೆಗೆದರು. ಇಡ್ಲಿಯಿಂದ ಉದ್ದು ತೆಗೆಯಲಿಲ್ಲ. ಅದಕ್ಕೇ ಅವು ಉಳಿದುಕೊಂಡವು.

ಈಗ ಎಂ.ಟಿ.ಆರ್. ಕಥೆ. ನಿಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತುಂಟು, ಆದರೂ ಹೇಳುತ್ತೇನೆ, ನನಗೆ ಅದನ್ನು ಹೇಳುವುದೇ ಒಂದು ಖುಷಿ. ನಮ್ಮ ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಹೋಟೆಲ್ ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿಗೆ ಬರ ಬಂತು. ಆಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ಅದೇ ರವೆ ಇಡ್ಲಿ ಅಂತ ಆ ಮನೆಯವರು ಹೇಳುತ್ತಾರೆ. ಯುದ್ಧ ಮುಗಿದು ಎಷ್ಟೋ ಕಾಲವಾಯಿತು, ಇಡ್ಲಿ ಇನ್ನೂ ಉಂಟು. ಇರಲಿ, ನಾನು ಹೇಳಹೊರಟದ್ದು ತುರ್ತು ಪರಿಸ್ಥಿತಿಯ ಮಾತು. 1975. ಹೋಟೆಲ್ ತಿಂಡಿಗೆ ಸರ್ಕಾರವೇ ದರ ಕಟ್ಟಿತು. ಬಡವರಿಗೆ ಅಗ್ಗಕ್ಕೆ ಸಿಗಬೇಕು ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಆ ದರದಲ್ಲಿ ಅಸಲೂ ಹುಟ್ಟುವುದಿಲ್ಲ. ಬಾಕಿ ದುಡ್ಡು ಯಾರು ಕೊಡುವುದು? ಅದನ್ನು ಆದೇಶದಲ್ಲಿ ಯಾರೂ ಬರೆಯಲಿಲ್ಲ.

ತುಪ್ಪದ ಬದಲು ಡಾಲ್ಡಾ ಹಾಕಬಹುದಿತ್ತು. ದೋಸೆ ಸಣ್ಣದು ಮಾಡಬಹುದಿತ್ತು. ಹಿಂದಿನ ಸಾಲಿನಲ್ಲಿ ಭಟ್ರು ನಗುತ್ತಿದ್ದಾರೆ, ಅವರಿಗೆ ಹೋಟೆಲ್ ಲೆಕ್ಕ ಗೊತ್ತು! ಮಯ್ಯರು ಗುಣಮಟ್ಟ ಇಳಿಸಲಿಲ್ಲ. ಸರ್ಕಾರ ಹೇಳಿದ ದರಕ್ಕೇ ಕೊಟ್ಟರು. ಇವತ್ತು ಇಷ್ಟು ನಷ್ಟವಾಯಿತು ಅಂತ ದಿನಾ ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರು. ಎಷ್ಟು ದಿನ ನಡೆದೀತು? ಹೋಟೆಲ್ ಮುಚ್ಚಿದರು. ಮಸಾಲೆ ಪುಡಿ, ತಿಂಡಿ ಮಿಕ್ಸ್ ಕಡೆ ತಿರುಗಿದರು. ಹೋಟೆಲ್ ಪುನಃ ತೆರೆದದ್ದು 1984ರಲ್ಲಿ. ಆ ಬೋರ್ಡ್ ಉಂಟಲ್ಲ, ನನ್ನ ಪ್ರಕಾರ ನಮ್ಮ ರಾಜ್ಯದ ಅತ್ಯಂತ ಪ್ರಾಮಾಣಿಕ ಬಜೆಟ್ ಅದು. ಎಲ್ಲಿ ಉಳಿಸಿಲ್ಲ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದದ್ದು.

2017ರ ಇಂದಿರಾ ಕ್ಯಾಂಟೀನನ್ನು ಇದರ ಪಕ್ಕ ಇಟ್ಟು ನೋಡಿ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಇಲ್ಲಿ ಬಾಕಿ ದುಡ್ಡನ್ನು ಸರ್ಕಾರ ಕೊಡುತ್ತದೆ. ತಮಿಳುನಾಡಿನಲ್ಲಿ 2013ರಲ್ಲೇ ಅಮ್ಮ ಉಣವಗಂ ಬಂದಿತ್ತು, 1 ರೂಪಾಯಿಗೆ ಇಡ್ಲಿ. ಎರಡು ರಾಜ್ಯ, ಎರಡು ಪಕ್ಷ, ಲೆಕ್ಕ ಒಂದೇ. ಹಾಗಾಗಿ ನಾನು ಪಕ್ಷ ಕೇಳುವುದಿಲ್ಲ, ತಟ್ಟೆ ಕೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೊರಟವನು ಹೊಟ್ಟೆ ತುಂಬಿಸಿಕೊಂಡರೆ ಅವನು ಸೋಮಾರಿಯಾಗುವುದಲ್ಲ ಹಿರಿಯರೇ, ಕೆಲಸಕ್ಕೆ ಹೋಗುತ್ತಾನೆ.

ಇನ್ನು ಕಾರು. 2008ರ ಜನವರಿಯಲ್ಲಿ ರತನ್ ಟಾಟಾ ದೆಹಲಿಯಲ್ಲಿ ನ್ಯಾನೋ ತೋರಿಸಿದರು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಹೋಗುತ್ತಿದ್ದ ಕುಟುಂಬವನ್ನು ನೋಡಿ ಈ ಯೋಚನೆ ಬಂತು ಅಂತ ಅವರು ಹೇಳಿದ್ದರು. ಜುಲೈಯಲ್ಲಿ ನಮ್ಮ ಉಡುಪಿಯ ಕಲ್ಸಂಕದಲ್ಲಿ ನಿಂತರೆ ನಮಗೂ ಅದೇ ಕಾಣುತ್ತದೆ. ಅಪ್ಪನ ಮುಂದೆ ಒಂದು ಮಗು, ಅಮ್ಮನ ಮಡಿಲಲ್ಲಿ ಇನ್ನೊಂದು, ಎಲ್ಲರ ಮೇಲೆ ಒಂದೇ ರೈನ್‌ಕೋಟು. ಎಲ್ಲಿ ಉಳಿಸಿದರು? ವೈಪರ್ ಒಂದೇ. ಚಕ್ರಕ್ಕೆ ಮೂರೇ ಬೋಲ್ಟು. ಡಿಕ್ಕಿಗೆ ಹೊರಗಿನಿಂದ ಬಾಗಿಲಿಲ್ಲ. ಎರಡು ಸಿಲಿಂಡರಿನ 624 ಸಿಸಿ ಎಂಜಿನ್, ಅದೂ ಹಿಂದೆ. ಇದೆಲ್ಲ ಜಾಣತನ, ನಾನು ಕೈಮುಗಿಯುತ್ತೇನೆ. ಆದರೆ 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಗುದ್ದಿಸಿ ಪರೀಕ್ಷೆ ಮಾಡಿದಾಗ ಸುರಕ್ಷತೆಗೆ ಸೊನ್ನೆ ಸ್ಟಾರ್ ಬಂತು. ನ್ಯಾನೋ ಒಂದಕ್ಕೇ ಅಲ್ಲ, ಆಗ ಪರೀಕ್ಷಿಸಿದ ಬೇರೆ ಸಣ್ಣ ಕಾರುಗಳಿಗೂ ಸೊನ್ನೆ. ಏರ್‌ಬ್ಯಾಗ್ ಇಲ್ಲ. ವೈಪರಿನಲ್ಲಿ ಉಳಿಸಿ, ಬೇಡ ಅನ್ನುವುದಿಲ್ಲ. ಮಗುವಿನ ತಲೆಯ ಹತ್ತಿರ ಉಳಿಸಬಾರದು.

ಅದಕ್ಕೂ ಮೊದಲು ರಾಜಕೀಯ ಬಂತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಭೂಮಿಯ ಜಗಳ, 2008ರ ಅಕ್ಟೋಬರಿನಲ್ಲಿ ನ್ಯಾನೋ ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. ಮಂಗಳೂರು ವಿಶೇಷ ಆರ್ಥಿಕ ವಲಯದ (ಎಂಎಸ್‌ಇಝಡ್) ಭೂಮಿಯ ಗಲಾಟೆ ನೋಡಿದ ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ. ಆಮೇಲೆ ‘ಅತಿ ಅಗ್ಗದ ಕಾರು’ ಅನ್ನುವ ಹಣೆಪಟ್ಟಿ ಅಂಟಿತು. ಅದು ತಪ್ಪಾಯಿತು ಅಂತ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. 2018ಕ್ಕೆ ತಯಾರಿ ನಿಂತೇ ಹೋಯಿತು. ಬಡವ ಅಂತ ಊರಿಗೆಲ್ಲ ಸಾರುವ ಕಾರನ್ನು ಯಾರು ಅಂಗಳದಲ್ಲಿ ನಿಲ್ಲಿಸುತ್ತಾರೆ? ಬನ್ಸ್ ತಿನ್ನುವವನನ್ನು ನಾವು ಹಾಗೆ ನೋಡುವುದಿಲ್ಲ. ಡಾಕ್ಟರೂ ತಿನ್ನುತ್ತಾರೆ, ರಿಕ್ಷಾದವರೂ ತಿನ್ನುತ್ತಾರೆ.

ಆದರೆ ಆ ಕುಟುಂಬ ಸ್ಕೂಟರ್ ಹತ್ತಿದ್ದು ಯಾಕೆ? ಬಸ್ ಇಲ್ಲ ಅಂತ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯ ಯೋಜನೆ. ಆದರೆ ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಜಾಸ್ತಿ ಓಡುವುದು ಪ್ರೈವೇಟ್ ಬಸ್. ಗೋಡಂಬಿ ಫ್ಯಾಕ್ಟರಿಗೆ ಹೋಗುವ ಅಕ್ಕ ಇವತ್ತೂ ಕಂಡಕ್ಟರಿಗೆ ದುಡ್ಡು ಕೊಡುತ್ತಾಳೆ. ಅನ್ನಭಾಗ್ಯದ ಅಕ್ಕಿಯೂ ಹಾಗೆಯೇ. ನಾವು ಉಣ್ಣುವುದು ಕುಚ್ಚಲಕ್ಕಿ, ರೇಷನ್ನಿನಲ್ಲಿ ಬಂದದ್ದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಕುಚ್ಚಲಕ್ಕಿ ಕೊಡಿ ಅಂತ ಕರಾವಳಿಯವರು ಕೇಳುತ್ತಲೇ ಬಂದಿದ್ದಾರೆ. ಇಲ್ಲಿ ಉಳಿಸಿದ್ದು ಯೋಚನೆಯಲ್ಲಿ! ಯಾರಿಗೆ ಕೊಡುತ್ತಿದ್ದೇವೆ ಅಂತ ನೋಡುವ ಕೆಲಸವನ್ನೇ ಉಳಿಸಿಕೊಂಡರು.

ಚೀಟಿ ಬಂತು, ಹತ್ತು ನಿಮಿಷ ಅಂತೆ. ತಂತ್ರಜ್ಞಾನಕ್ಕೆ ಈಗ ಬಂದೆ ನೋಡಿ. 1928ರಲ್ಲಿ ಇದೇ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಅನ್ನುವ ಸಣ್ಣ ಉಳಿತಾಯ ಶುರು ಮಾಡಿದರು. ದಿನಕ್ಕೆ ಎರಡಾಣೆ, ಬ್ಯಾಂಕೇ ಮನೆ ಬಾಗಿಲಿಗೆ. ಬೇಕಾದದ್ದು ಒಂದು ಪುಸ್ತಕ, ನಡೆಯುವ ಎರಡು ಕಾಲು. 2016ರಲ್ಲಿ ಯುಪಿಐ ಬಂತು. 2020ರಿಂದ ಗಿರಾಕಿಯ ಬ್ಯಾಂಕ್ ಖಾತೆಯಿಂದ ಹಾಗೆ ಬರುವ ದುಡ್ಡಿಗೆ ಅಂಗಡಿಯವರಿಗೆ ಶುಲ್ಕ ಇಲ್ಲ. ಮೀನು ಮಾರುವ ಅಕ್ಕನ ಬುಟ್ಟಿಯ ಪಕ್ಕ ಕ್ಯೂಆರ್ ಬೋರ್ಡ್ ಕಂಡರೆ ನನಗೆ ನಿಜವಾಗಿ ಸಂತೋಷ ಆಗುತ್ತದೆ. ಅದೇ ಫೋನಿನಲ್ಲಿ ಅರ್ಧ ಬೆಲೆಗೆ ಬಿರಿಯಾನಿ ತರಿಸುವಾಗ ಮಾತ್ರ ನನ್ನ ಪ್ರಶ್ನೆ ಪುನಃ ಏಳುತ್ತದೆ. ಮಳೆಯಲ್ಲಿ ಬೈಕ್ ಓಡಿಸಿ ಬಂದ ಹುಡುಗನ ಮುಖ ನೋಡಿ ಕೇಳಿಕೊಳ್ಳಿ.

ಎಲೆಕ್ಟ್ರಿಕ್ ಕಾರು, ಎಐ, ಎರಡೂ ಬಿಡುತ್ತೇನೆ, ಇನ್ನೊಮ್ಮೆ ಕರೆಯಿರಿ. ವೇದಿಕೆಯಲ್ಲಿ ಜನಪ್ರತಿನಿಧಿಗಳು ಇದ್ದಾರೆ, ಅವರಿಗೊಂದು ಬೇಡಿಕೆ. ರಾತ್ರಿ ಎಂಟು ದಾಟಿದರೆ ಒಳರಸ್ತೆಗಳಿಗೆ ಬಸ್ ಸಿಗುವುದು ಕಷ್ಟ. ಬಟ್ಟೆ ಅಂಗಡಿಯ ಹುಡುಗಿಯರು ಬಾಗಿಲು ಹಾಕಿ ಹೊರಡುವುದೇ ಆ ಹೊತ್ತಿಗೆ. ಒಂಬತ್ತಕ್ಕೆ ಒಂದೊಂದು ಸರ್ಕಾರಿ ಬಸ್ ಬಿಡಿಸಿ. ಯಾವ ಯಾವ ದಾರಿಗೆ ಬೇಕು ಅಂತ ಈ ಸಭೆಯವರೇ ಈಗ ಬರೆದು ಕೊಡುತ್ತಾರೆ, ಕಾಗದ ನನ್ನ ಹತ್ತಿರ ಉಂಟು. ನಮಸ್ಕಾರ.