ಕೈಗುಣ ಮತ್ತು ಕೈಬರಹ

ಕೇಳುಗರೆಲ್ಲರಿಗೂ ನಮಸ್ಕಾರ.

ಯಾವುದಾದರೂ ಹೋಟೆಲಿನ ಸಾಂಬಾರು ಬಾಯಿಗೆ ಹಿಡಿಸಿದರೆ ನಾವು ಮೊದಲು ಕೇಳುವುದು, ಇಲ್ಲಿ ಅಡುಗೆ ಭಟ್ಟರು ಯಾರು ಎಂದು. ಭಟ್ಟರು ಕೆಲಸ ಬಿಟ್ಟರೆ ರುಚಿಯೂ ಅವರ ಬೆನ್ನಿಗೇ ಹೊರಟುಹೋಯಿತು ಎಂದು ಮರುಗುತ್ತೇವೆ. ಒಲೆಯ ಮುಂದೆ ಭಟ್ಟರು, ಮೇಜುಗಳ ನಡುವೆ ಮಾಣಿ, ತಟ್ಟೆ ಲೋಟ ತೊಳೆಯಲು ಕ್ಲೀನರ್, ಗಲ್ಲಾದಲ್ಲಿ ಮಾಲೀಕರು. ಯಾರು ಎಲ್ಲಿ ನಿಲ್ಲಬೇಕು ಎಂಬುದು ಹೋಟೆಲಿನ ಬಾಗಿಲು ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಈ ಜಾಗಗಳಲ್ಲೆಲ್ಲ ಅದೇ ಜನ ಸರದಿಯಂತೆ ನಿಂತ ಒಂದು ಹೋಟೆಲಿನ ಕಥೆಯನ್ನು ಇಂದು ಹೇಳುತ್ತೇನೆ. ಅದರ ಹೆಸರು ಮೂಸ್‌ವುಡ್.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಕಯೂಗ ಎಂಬ ನೀಳವಾದ ಸರೋವರದ ದಕ್ಷಿಣ ತುದಿಗೆ ಇಥಾಕಾ ಎಂಬ ಊರಿದೆ. ಕಾರ್ನೆಲ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. 1973ರಲ್ಲಿ ಏಳು ಮಂದಿ ಗೆಳೆಯರು ಆ ಊರಿನ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಹೋಟೆಲು ತೆರೆದರು. ಶಾಲೆ ಬೇರೆಡೆಗೆ ಹೋಗಿ, ಕಟ್ಟಡದೊಳಗೆ ಅಂಗಡಿಗಳು ಬಂದಿದ್ದ ಕಾಲ ಅದು. ಆ ಸೀಮೆಯ ಕಾಡಿನಲ್ಲಿ ಬೆಳೆಯುವ, ತೊಗಟೆಯ ಮೇಲೆ ಪಟ್ಟೆಗಳಿರುವ ಒಂದು ಜಾತಿಯ ಮೇಪಲ್ ಮರದ ಹೆಸರನ್ನು ಹೋಟೆಲಿಗೆ ಇಟ್ಟರು.

ಆ ವರ್ಷಗಳ ಗಾಳಿಯೇ ಬೇರೆ. ವಿಯೆಟ್ನಾಂ ಯುದ್ಧ ಅಲ್ಲಿನ ಯುವಜನರ ಮನಸ್ಸನ್ನು ಕಲಕಿಹಾಕಿತ್ತು. ಅಪ್ಪಂದಿರು ನಡೆದ ದಾರಿಯಲ್ಲೇ ಏಕೆ ನಡೆಯಬೇಕು ಎಂದು ಅವರು ಕೇಳುತ್ತಿದ್ದರು, ಏನನ್ನು ಉಣ್ಣಬೇಕು ಎಂಬುದೂ ಆ ಪ್ರಶ್ನೆಯೊಳಗೆ ಸೇರಿತ್ತು. ಮನುಷ್ಯರ ಹಸಿವು ತಣಿಸಬಹುದಾದ ಧಾನ್ಯವನ್ನು ಮಾಂಸಕ್ಕಾಗಿ ದನಗಳಿಗೆ ತಿನ್ನಿಸುವುದು ಎಂಥ ಪೋಲು ಎಂದು ಫ್ರಾನ್ಸಿಸ್ ಮೂರ್ ಲಾಪೆ ಬರೆದ ಪುಸ್ತಕ 1971ರಲ್ಲಿ ಬಂದಿತ್ತು. ಹಾಗೆ ಮಾಂಸ ಬಿಡಲು ಹೊರಟವರಿಗೆ ಎದುರಾದ ತೊಡಕನ್ನು ನಾವು ಕಲ್ಪಿಸಿಕೊಳ್ಳುವುದೇ ಕಷ್ಟ. ಹುಳಿ, ಪಲ್ಯ, ಕೋಸಂಬರಿ, ತೊವ್ವೆಗಳ ನಡುವೆ ಬೆಳೆದವರು ನಾವು. ಅವರ ತಟ್ಟೆಯಲ್ಲಿ ಮಾಂಸವೇ ಊಟ, ತರಕಾರಿ ಅದರ ಪಕ್ಕದ ಅಲಂಕಾರ. ಮಾಂಸವನ್ನು ಎತ್ತಿಟ್ಟರೆ ತಟ್ಟೆಯ ನಡುಭಾಗವೇ ಬರಿದು. ಆ ಬರಿದನ್ನು ತುಂಬಲು ಮೂಸ್‌ವುಡ್‌ನವರು ಪರದೇಶಗಳ ಅಡುಗೆಮನೆಗಳ ಕಡೆ ನೋಡಿದರು: ಹಂಗೆರಿಯ ಅಣಬೆ ಸೂಪು, ರಷ್ಯಾದ ಎಲೆಕೋಸಿನ ಬೋರ್ಷ್ಟ್ ಎಂಬ ಸೂಪು, ನಮ್ಮ ಸಮೋಸ. ತಿಂಡಿಪಟ್ಟಿಯನ್ನು ಅಚ್ಚು ಹಾಕಿಸಲಿಲ್ಲ. ಅಂದು ಏನು ಮಾಡುತ್ತಾರೋ ಅದನ್ನು ಕಪ್ಪು ಹಲಗೆಯ ಮೇಲೆ ಬರೆದರು, ಮಾರನೆಯ ದಿನ ಅಳಿಸಿ ಬೇರೆ ಬರೆದರು.

ಕೆಲಸ ಮಾಡುವವರೇ ಒಡೆಯರಾದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂಸ್‌ವುಡ್ ಬರಬರುತ್ತ ಒಂದು ಸಮೂಹವಾಯಿತು. ಸುಮಾರು ಇಪ್ಪತ್ತು ಮಂದಿ ಸದಸ್ಯರು, ಅವರೇ ಪಾಲುದಾರರು. ಮೇಲೆ ಯಜಮಾನನಿರಲಿಲ್ಲ. ಒಂದು ದಿನ ಅಡುಗೆಯ ಹೊಣೆ ಹೊತ್ತವರು ಇನ್ನೊಂದು ದಿನ ಬಡಿಸುತ್ತಿದ್ದರು, ಮತ್ತೊಂದು ದಿನ ಪಾತ್ರೆ ತೊಳೆಯುತ್ತಿದ್ದರು, ಲೆಕ್ಕವನ್ನೂ ನೋಡುತ್ತಿದ್ದರು. ತೀರ್ಮಾನಗಳು ಸಭೆಯಲ್ಲಿ ಆಗಬೇಕಿತ್ತು. ಹತ್ತಾರು ಜನ ಕುಳಿತು ಒಂದು ಮಾತಿಗೆ ಬರುವುದು ಎಷ್ಟು ಪ್ರಯಾಸದ ಕೆಲಸ ಎಂಬುದನ್ನು ಕೂಡುಕುಟುಂಬದಲ್ಲಿ ಬೆಳೆದ ಯಾರಾದರೂ ಬಲ್ಲರು. ಆ ಪ್ರಯಾಸವನ್ನು ಇವರು ದಶಕಗಳ ಕಾಲ ಹೊತ್ತರು. ನನಗೆ ಅವರ ಎಲ್ಲ ಅಡುಗೆಗಿಂತ ದೊಡ್ಡದಾಗಿ ಕಾಣುವುದು ಇದು.

ಕಾರ್ಮಿಕರ ಒಡೆತನ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಅಲ್ಲಿ ಕೆಲಸ ಹೋದ ಸಂಕಟ ಜನರನ್ನು ಒಟ್ಟುಗೂಡಿಸಿತ್ತು. ಇಥಾಕಾದಲ್ಲಿ ಹೀಗೆಯೂ ಬದುಕಬಹುದು ಎಂಬ ಹಂಬಲ.

ಇನ್ನು ಪುಸ್ತಕಗಳಿಗೆ ಬರುತ್ತೇನೆ. ಅಡುಗೆಯವರು ದಿನದಿನ ಬದಲಾಗುವ ಕಡೆ ಕಣ್ಣಳತೆ ಸಾಲದು. ಸೋಮವಾರ ಒಬ್ಬರು ಮಾಡಿದ ಸೂಪನ್ನು ಗುರುವಾರ ಮತ್ತೊಬ್ಬರು ಮಾಡಬೇಕಾದರೆ, ಉಪ್ಪು ಎಷ್ಟು, ಎಷ್ಟು ಹೊತ್ತು ಕುದಿಯಬೇಕು ಎಂಬುದನ್ನು ಯಾರಾದರೂ ಬರೆದಿಟ್ಟಿರಬೇಕು. ಒಬ್ಬರ ಕೈಗುಣ ಎಲ್ಲರದೂ ಆಗುವುದು ಬರವಣಿಗೆಯಿಂದ. ಜೊತೆಗೆ ಊಟಕ್ಕೆ ಬಂದವರು, ಇದನ್ನು ಮಾಡುವುದು ಹೇಗೆ ಎಂದು ಕೇಳುತ್ತಲೇ ಇದ್ದರು. ಹೋಟೆಲನ್ನು ಕಟ್ಟಿದವರಲ್ಲಿ ಒಬ್ಬರಾದ ಮಾಲಿ ಕ್ಯಾಟ್ಜೆನ್ ಚಿತ್ರಕಲೆ ಕಲಿತವರು. ಅವರು ಹೋಟೆಲಿನ ಅಡುಗೆಗಳನ್ನು ಕಲೆಹಾಕಿ, ಮನೆಯ ಒಲೆಗೆ ಹೊಂದುವಂತೆ ಅಳತೆ ಇಳಿಸಿ, ಪುಟಪುಟವನ್ನೂ ಕೈಯಾರೆ ಬರೆದು, ಅಂಚಿನಲ್ಲಿ ಚಿತ್ರ ಬಿಡಿಸಿದರು. 1974ರಲ್ಲಿ ಅದು ಸುರುಳಿ ತಂತಿಯ ಪುಸ್ತಕವಾಗಿ ಊರಿನೊಳಗೇ ಮಾರಾಟವಾಯಿತು. 1977ರಲ್ಲಿ ಕ್ಯಾಲಿಫೋರ್ನಿಯಾದ ಟೆನ್ ಸ್ಪೀಡ್ ಪ್ರೆಸ್ 'ಮೂಸ್‌ವುಡ್ ಕುಕ್‌ಬುಕ್' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದಾಗಲೂ ಕೈಬರಹವನ್ನು ಉಳಿಸಿಕೊಂಡಿತು. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಅಡುಗೆ ಪುಸ್ತಕಗಳ ಸಾಲಿಗೆ ಅದು ಸೇರಿತು.

ಆ ಪುಟಗಳನ್ನು ಮೊದಲು ತಿರುವಿದಾಗ ನನಗೆ ಅಮ್ಮನ ಹಳೆಯ ಡೈರಿ ನೆನಪಾಯಿತು. ಹಾಲಿನ ಲೆಕ್ಕದ ಕೆಳಗೆ ಹುಳಿಪುಡಿಯ ಅಳತೆ, ಪಕ್ಕದ ಮನೆಯವರು ಹೇಳಿಕೊಟ್ಟ ಮಾವಿನಮಿಡಿ ಉಪ್ಪಿನಕಾಯಿ, ಎಣ್ಣೆಯ ಕಲೆ. ಅಚ್ಚಿನ ಅಕ್ಷರ ಪಾಠ ಹೇಳುತ್ತದೆ, ಕೈಬರಹ ಪಕ್ಕದಲ್ಲಿ ನಿಂತು ಮಾತಾಡುತ್ತದೆ. ಕಾಳು ಬೇಯಿಸುವುದೂ ಹೊಸದಾಗಿದ್ದ ಆ ತರುಣರಿಗೆ ಹಾಗೆ ಪಕ್ಕದಲ್ಲಿ ನಿಲ್ಲುವವರೇ ಬೇಕಾಗಿದ್ದರು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಮೂಸ್‌ವುಡ್ ಎಂದೊಡನೆ ಕ್ಯಾಟ್ಜೆನ್ ಹೆಸರನ್ನಷ್ಟೇ ಹೇಳುವ ರೂಢಿಯಿದೆ. ಅವರು ಹೋಟೆಲನ್ನು ಬಿಟ್ಟು ಬೇರೆ ದಾರಿ ಹಿಡಿದರು. ಉಳಿದವರು ಮಾತ್ರ ಒಲೆ ಆರಿಸಲಿಲ್ಲ. 1987ರಿಂದ ಅವರು ಹೊರತಂದ ಪುಸ್ತಕಗಳ ಮೇಲೆ ಲೇಖಕರೆಂದು ಅಚ್ಚಾದದ್ದು ಯಾರೊಬ್ಬರ ಹೆಸರೂ ಅಲ್ಲ, 'ಮೂಸ್‌ವುಡ್ ಸಮೂಹ' ಎಂದು. ಅವುಗಳ ಪೈಕಿ ನನಗೆ ಅಚ್ಚುಮೆಚ್ಚಿನದು 1990ರಲ್ಲಿ ಬಂದದ್ದು. ಭಾನುವಾರಗಳಂದು ಒಂದೊಂದು ನಾಡಿನ ಊಟ ಮಾಡಿ ಬಡಿಸುವ ಪದ್ಧತಿ ಆ ಹೋಟೆಲಿನಲ್ಲಿತ್ತು. ಆ ಪುಸ್ತಕದಲ್ಲಿ ಒಂದೊಂದು ನಾಡಿಗೂ ಒಂದೊಂದು ಅಧ್ಯಾಯ. ಭಾರತಕ್ಕೂ ಒಂದು ಅಧ್ಯಾಯವಿದೆ. 2000ದಲ್ಲಿ, ಅಡುಗೆ ಲೋಕದ ಪ್ರಶಸ್ತಿಗಳನ್ನು ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಆ ಹೋಟೆಲನ್ನು ಅಮೆರಿಕದ ಮೇರು ಭೋಜನಾಲಯಗಳ ಪಟ್ಟಿಗೆ ಸೇರಿಸಿ ಗೌರವಿಸಿತು.

ಕೇಳುಗರಲ್ಲಿ ಸಸ್ಯಾಹಾರಿಗಳಿದ್ದರೆ ಅವರಿಗೆ ಒಂದು ಮಾತು ಹೇಳಲೇಬೇಕು. ಮೂಸ್‌ವುಡ್‌ನ ಸಸ್ಯಾಹಾರ ನಮ್ಮ ಮಠದ ಪಂಕ್ತಿಯ ಸಸ್ಯಾಹಾರವಲ್ಲ. ಅಲ್ಲಿ ಮೊಟ್ಟೆ ಧಾರಾಳ, ಸಮೂಹದ ಪುಸ್ತಕಗಳಲ್ಲಿ ಮೀನಿನ ಅಡುಗೆಗಳೂ ಇವೆ. ಅವರಿಗೆ ಅದು ಮಡಿಯ ಪ್ರಶ್ನೆಯಾಗಿರಲಿಲ್ಲ. ಭೂಮಿಯ ಮೇಲೆ ಎಷ್ಟು ಭಾರ ಹಾಕುತ್ತೇವೆ, ನೆರೆಯವನ ಪಾಲಿನಿಂದ ಎಷ್ಟು ಕಸಿಯುತ್ತೇವೆ ಎಂಬ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯನ್ನು ನಾವೂ ನಮ್ಮ ಎಲೆಯ ಮುಂದೆ ಕುಳಿತು ಕೇಳಿಕೊಳ್ಳಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಮೊದಲ ಪುಸ್ತಕದ ಅಡುಗೆಗಳಲ್ಲಿ ಬೆಣ್ಣೆ, ಚೀಸು, ಮೊಟ್ಟೆಗಳದ್ದೇ ದರ್ಬಾರು. ಮಾಂಸವಿಲ್ಲದೆ ಹೊಟ್ಟೆ ತುಂಬೀತೇ ಎಂಬ ಅಳುಕು ಅದರೊಳಗೆ ಇದ್ದಿರಬೇಕು. 1992ರಲ್ಲಿ ಪರಿಷ್ಕರಿಸುವಾಗ ಕ್ಯಾಟ್ಜೆನ್ ಅವೆಲ್ಲವನ್ನೂ ಕಡಿಮೆ ಮಾಡಿದರು. ಆ ಹೊತ್ತಿಗೆ ಓದುಗರ ಅಳುಕೂ ಕರಗಿತ್ತು.

ಆ ಪುಸ್ತಕದಲ್ಲಿ ಏಲಕ್ಕಿಯ 'ಕಾಫಿ ಕೇಕ್' ಇದೆ. ಹೆಸರು ಹಾಗಿದ್ದರೂ ಅದಕ್ಕೆ ಕಾಫಿ ಬೀಳುವುದಿಲ್ಲ, ಕಾಫಿಯ ಜೊತೆಗೆ ತಿನ್ನುವ ಕೇಕ್ ಅದು. ಸಕಲೇಶಪುರದ ಕಡೆಯಿಂದ ತರಿಸಿದ ಏಲಕ್ಕಿಯನ್ನು ಸಿಪ್ಪೆ ಬಿಡಿಸಿ, ಕುಟ್ಟಾಣಿಯಲ್ಲಿ ಪುಡಿ ಮಾಡಿ ಒಂದು ಭಾನುವಾರ ಅದನ್ನು ಮಾಡಿದೆ. ಮನೆಯೆಲ್ಲ ಘಮಘಮಿಸಿತು. ಪಕ್ಕದ ಮನೆಯವರು ಬಂದು, ಇದು ಹೇಗೆ ಮಾಡಿದಿರಿ ಎಂದು ಕೇಳಿದರು. ಅಳತೆಗಳನ್ನು ಒಂದು ಹಾಳೆಯ ಮೇಲೆ ಕೈಯಲ್ಲೇ ಬರೆದುಕೊಟ್ಟೆ.

ನಮಸ್ಕಾರ.