ಯಾರ ರಿಜಿಸ್ಟ್ರಿಗೆ ಬರೆದಿರಿ?

ನಮಸ್ಕಾರ. ಇವತ್ತು ಮಾತಾಡೋದು ಒಂದು ಸಣ್ಣ, ಆದರೆ ದಿನಗಟ್ಟಲೆ ಕಾಡುವ ತಲೆನೋವಿನ ಬಗ್ಗೆ. ವಿಂಡೋಸ್ ತಾನಾಗಿಯೇ ಇನ್‌ಸ್ಟಾಲ್ ಆಗಲಿ ಅಂತ ಆನ್ಸರ್ ಫೈಲ್ (ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್) ಬರೆದಿರುತ್ತೀರಿ, ಜೊತೆಗೆ ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ಜಾಗಕ್ಕೆ, ನಾಲ್ಕಾರು ಸೆಟ್ಟಿಂಗ್ ಸೇರಿಸಿರುತ್ತೀರಿ, ಪೆನ್ ಡ್ರೈವ್ ಚುಚ್ಚಿ ಬೇರೆ ಕೆಲಸಕ್ಕೆ ಹೋಗಿರುತ್ತೀರಿ. ವಾಪಸ್ ಬಂದರೆ ಡೆಸ್ಕ್‌ಟಾಪ್ ರೆಡಿ. ಸೆಟ್ಟಿಂಗ್ ಮಾತ್ರ ಇಲ್ಲ. ಎರರ್ ಕೂಡ ಇಲ್ಲ. ಎರರ್ ಬಂದಿದ್ದರೆ ಎಷ್ಟೋ ವಾಸಿ ಅನಿಸುತ್ತೆ, ಅಲ್ವಾ?

ಹೆಚ್ಚಿನವರು ಆಗ ಮಾಡುವ ಮೊದಲ ಕೆಲಸ ಕೀ (ರಿಜಿಸ್ಟ್ರಿಯೊಳಗಿನ ಫೋಲ್ಡರ್ ಅಂದುಕೊಳ್ಳಿ) ಹೆಸರು ಸರಿ ಇದೆಯಾ ಅಂತ ನೋಡೋದು. ನಾನೂ ಅದನ್ನೇ ಮಾಡಿದ್ದೆ. ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡುವ ಸೆಟ್ಟಿಂಗ್ ಇದೆಯಲ್ಲ, ಎಕ್ಸ್‌ಪ್ಲೋರರ್ ಕೆಳಗಿನ ಅಡ್ವಾನ್ಸ್ಡ್ ಕೀಯಲ್ಲಿ ಹೈಡ್‌ಫೈಲ್‌ಎಕ್ಸ್‌ಟ್ ಅನ್ನು 0 ಮಾಡೋದು, ಅದನ್ನು ಇನ್‌ಸ್ಟಾಲ್ ಕೊನೆಯಲ್ಲಿ ವಿಂಡೋಸ್ ತಾನೇ ಓಡಿಸುವ ಸೆಟಪ್‌ಕಂಪ್ಲೀಟ್ ಡಾಟ್ ಸಿಎಂಡಿ ಫೈಲ್‌ನಲ್ಲಿ ಹಾಕಿದ್ದೆ. ಇನ್‌ಸ್ಟಾಲ್ ಮುಗಿದ ಮೇಲೆ ನೋಡಿದರೆ ಆಗಿಲ್ಲ. ಅದೇ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಆಗುತ್ತೆ! ಎರಡು ದಿನ ಸುಮ್ನೆ ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದೆ. ಕೊನೆಗೆ ಬೇಜಾರಾಗಿ ಸ್ಕ್ರಿಪ್ಟ್‌ನ ಮೊದಲ ಸಾಲಿಗೆ ಓಡಿಸುತ್ತಿರುವುದು ಯಾರು ಅಂತ ಹೇಳುವ ಹೂಆಮ್‌ಐ ಅನ್ನೋ ಕಮಾಂಡ್ ಹಾಕಿ, ಅದರ ಉತ್ತರವನ್ನು ಒಂದು ಟೆಕ್ಸ್ಟ್ ಫೈಲ್‌ಗೆ ಬರೆಸಿದೆ. ಉತ್ತರ ಬಂತು: ಎನ್‌ಟಿ ಅಥಾರಿಟಿ, ಸಿಸ್ಟಮ್.

ಅಂದರೆ ಸ್ಕ್ರಿಪ್ಟ್ ಓಡಿಸಿದ್ದು ನಾನಲ್ಲ. ಸಿಸ್ಟಮ್ ಅಕೌಂಟ್. ವಿಂಡೋಸ್ ತನ್ನ ಒಳಕೆಲಸಕ್ಕೆ ಬಳಸುವ ಅಕೌಂಟ್ ಅದು. ನನ್ನ ಸೆಟ್ಟಿಂಗ್ ಇದ್ದದ್ದು ಎಚ್‌ಕೆಸಿಯು (ಎಚ್‌ಕೀ ಕರೆಂಟ್ ಯೂಸರ್) ಕೆಳಗೆ. ಎಚ್‌ಕೆಸಿಯು ಅಂದರೆ ಯಾವಾಗಲೂ 'ಈಗ ಓಡಿಸುತ್ತಿರುವವನ' ರಿಜಿಸ್ಟ್ರಿ. ರಿಜಿಸ್ಟ್ರಿ ತೋರಿಸುವ ರೆಗ್‌ಎಡಿಟ್ ತೆರೆದು ಎಚ್‌ಕೀ ಯೂಸರ್ಸ್ ಕೆಳಗೆ ಸಿಸ್ಟಮ್ ಅಕೌಂಟಿನ ಎಸ್-1-5-18 ಅನ್ನೋ ಕೀ ಬಿಚ್ಚಿ ನೋಡಿದೆ. ಅಲ್ಲಿ ಕೂತಿತ್ತು ನನ್ನ ಹೈಡ್‌ಫೈಲ್‌ಎಕ್ಸ್‌ಟ್, 0 ಅಂತ, ಒಂದು ಅಕ್ಷರವೂ ತಪ್ಪಿಲ್ಲದೆ. ಯಾರೂ ಲಾಗಿನ್ ಆಗದ ಅಕೌಂಟ್‌ಗೆ ನಾನು ಎಕ್ಸ್‌ಟೆನ್ಷನ್ ತೋರಿಸಿದ್ದೆ.

ಅವತ್ತಿನಿಂದ ನಾನು ಮೊದಲು ಕೇಳೋದು 'ವ್ಯಾಲ್ಯೂ ಸರಿನಾ' ಅಂತಲ್ಲ. ಯಾರ ರಿಜಿಸ್ಟ್ರಿ, ಯಾವ ಹೊತ್ತಿನಲ್ಲಿ, ಅಂತ.

ಇಲ್ಲೇ ಇನ್ನೊಂದು ಗುಂಡಿ ಇದೆ, ಹಳಬರೂ ಬೀಳ್ತಾರೆ. ಎಚ್‌ಕೀ ಯೂಸರ್ಸ್ ಕೆಳಗೆ ಡಾಟ್ ಡಿಫಾಲ್ಟ್ ಅಂತ ಒಂದು ಕೀ ಕಾಣುತ್ತೆ. ಹೆಸರು ನೋಡಿ, ಹೊಸ ಯೂಸರ್‌ಗಳಿಗೆಲ್ಲ ಇದೇ ಅಚ್ಚು ಅಂದುಕೊಳ್ತೀವಿ. ಅಲ್ಲ. ಅದು ಅದೇ ಎಸ್-1-5-18ರ ಇನ್ನೊಂದು ಹೆಸರು, ಸಿಸ್ಟಮ್ ಅಕೌಂಟಿನದ್ದೇ. ನಿಜವಾದ ಅಚ್ಚು ಇರೋದು ಸಿ ಡ್ರೈವ್‌ನ ಯೂಸರ್ಸ್ ಒಳಗಿನ ಡಿಫಾಲ್ಟ್ ಫೋಲ್ಡರ್‌ನಲ್ಲಿ, ಎನ್‌ಟಿಯೂಸರ್ ಡಾಟ್ ಡ್ಯಾಟ್ ಅನ್ನೋ ಫೈಲ್‌ನಲ್ಲಿ. ಅದನ್ನು ರೆಗ್ ಲೋಡ್ ಕಮಾಂಡ್‌ನಿಂದ ಒಂದು ತಾತ್ಕಾಲಿಕ ಹೆಸರಿಗೆ ತೂಗುಹಾಕಬೇಕು, ಅದರೊಳಗೆ ಬರೆಯಬೇಕು, ಆಮೇಲೆ ರೆಗ್ ಅನ್‌ಲೋಡ್ ಮಾಡಬೇಕು. ಆಮೇಲೆ ಹುಟ್ಟುವ ಪ್ರತಿ ಪ್ರೊಫೈಲ್‌ಗೂ ಆ ಸೆಟ್ಟಿಂಗ್ ಬರುತ್ತೆ. ಮೊದಲೇ ಹುಟ್ಟಿದ ಪ್ರೊಫೈಲ್‌ಗೆ ಬರಲ್ಲ, ಇದನ್ನು ಮರೆಯಬೇಡಿ.

ಪವರ್‌ಶೆಲ್‌ನಲ್ಲಿ ಇದನ್ನು ಮಾಡುವವರಿಗೆ ಅನ್‌ಲೋಡ್ ಹೊತ್ತಿಗೆ 'ಆಕ್ಸೆಸ್ ಡಿನೈಡ್' ಬರೋದು ಜಾಸ್ತಿ. ಪರ್ಮಿಷನ್ ತೊಂದರೆ ಅಲ್ಲ ಅದು. ಪವರ್‌ಶೆಲ್ ಆ ಹೈವ್‌ನ (ಲೋಡ್ ಮಾಡಿದ ರಿಜಿಸ್ಟ್ರಿ ಫೈಲ್‌ನ) ಹಿಡಿತ ಇನ್ನೂ ಬಿಟ್ಟಿಲ್ಲ, ಅಷ್ಟೇ. ಬಳಸಿ ಬಿಟ್ಟದ್ದನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಷನ್ ಕರೆದು, ಆಮೇಲೆ ಅನ್‌ಲೋಡ್ ಮಾಡಿ. ರೆಗ್ ಆಡ್ ಕಮಾಂಡನ್ನೇ ಬಳಸಿದರೆ ಈ ಜಂಜಾಟವೇ ಇಲ್ಲ, ನಾನಂತೂ ಅದನ್ನೇ ಬಳಸ್ತೀನಿ.

ಒಂದು ಪ್ರಶ್ನೆ ಯಾವಾಗಲೂ ಬರುತ್ತೆ: ಹಳೇ ಸ್ಕ್ರಿಪ್ಟ್‌ನಲ್ಲಿ ಎಚ್‌ಕೆಸಿಯುಗೆ ಬರೆದರೆ ಎಲ್ಲಾ ಯೂಸರ್‌ಗೂ ಬರ್ತಿತ್ತಲ್ಲ? ಹೌದು, ಬರ್ತಿತ್ತು. 2001ರ ಎಕ್ಸ್‌ಪಿ ಕಾಲದಲ್ಲಿ ಸಿಎಂಡಿಲೈನ್ಸ್ ಡಾಟ್ ಟೆಕ್ಸ್ಟ್ ಅಂತ ಒಂದು ಫೈಲ್ ಇತ್ತು. ಸೆಟಪ್ ಮುಗಿಯೋಕೆ ಇನ್ನೂ 12 ನಿಮಿಷ ಅಂತ ತೋರಿಸುವ ಹೊತ್ತಿಗೆ ಅದು ಓಡ್ತಿತ್ತು, ಆಗ ಎಚ್‌ಕೆಸಿಯುಗೆ ಬರೆದದ್ದು ಡಿಫಾಲ್ಟ್ ಯೂಸರ್‌ಗೆ ಹೋಗಿ ಸೇರ್ತಿತ್ತು. ವಿಸ್ಟಾದಲ್ಲಿ ಸೆಟಪ್ಪೇ ಬದಲಾಯ್ತು, ಆನ್ಸರ್ ಫೈಲ್ ಎಕ್ಸ್‌ಎಂಎಲ್ ಆಯ್ತು. ಆದರೆ ಆ ಹಳೇ ಸಲಹೆ ಮಾತ್ರ ಕೈಯಿಂದ ಕೈಗೆ ದಾಟ್ತಾ ಇನ್ನೂ ಬದುಕಿದೆ.

ಈಗ 'ಯಾವ ಹೊತ್ತು' ಅನ್ನೋ ಭಾಗ. ಆನ್ಸರ್ ಫೈಲ್‌ನಲ್ಲಿ ಏಳು ಪಾಸ್‌ಗಳಿವೆ, ಅಂದರೆ ಹಂತಗಳು. ನಮಗೆ ದಿನಾ ಬೇಕಾಗೋದು ಮೂರು: ವಿಂಡೋಸ್‌ಪಿಇ, ಸ್ಪೆಷಲೈಸ್, ಊಬಿಸಿಸ್ಟಮ್. ಮೊದಲನೆಯದರಲ್ಲಿ ನೀವು ಇರೋದು ಎಕ್ಸ್ ಡ್ರೈವ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಓಡುವ ಪುಟ್ಟ ವಿಂಡೋಸ್‌ನಲ್ಲಿ. ಅಲ್ಲಿ ರೆಗ್ ಆಡ್ ಮಾಡಿದರೆ ಸಕ್ಸಸ್ ಅಂತ ಬರುತ್ತೆ, ರೀಸ್ಟಾರ್ಟ್ ಆದ ಕೂಡಲೇ ಮಾಯ. ಅದಕ್ಕೇ ಲ್ಯಾಬ್‌ಕಾನ್ಫಿಗ್ ಕೀ, ವಿಂಡೋಸ್ 11ರ ಟಿಪಿಎಂ (ಸೆಕ್ಯುರಿಟಿ ಚಿಪ್) ಪರೀಕ್ಷೆ ದಾಟಿಸಲು ಬಳಸುತ್ತಾರಲ್ಲ ಅದು, ಇದೇ ಪಾಸ್‌ನಲ್ಲಿ ಬರೆಯಬೇಕು. ಅದನ್ನು ಓದೋದು ಸೆಟಪ್, ಸೆಟಪ್ ಓಡೋದು ಇಲ್ಲೇ. ಮೆಷಿನ್‌ಗೆ ಸೇರಿದ ಸೆಟ್ಟಿಂಗ್ ಆದರೆ, ಅಂದರೆ ಎಚ್‌ಕೆಎಲ್‌ಎಂ ಕೆಳಗಿನದ್ದಾದರೆ, ಸ್ಪೆಷಲೈಸ್‌ನಲ್ಲಿ ಹಾಕಿ. ಅಲ್ಲಿ ಕಮಾಂಡ್ ಓಡಿಸೋದೂ ಸಿಸ್ಟಮ್ ಅಕೌಂಟೇ, ಆದರೆ ಎಚ್‌ಕೆಎಲ್‌ಎಂ ಎಲ್ಲರಿಗೂ ಒಂದೇ ಆದ್ದರಿಂದ ಪರವಾಗಿಲ್ಲ. ಮೊದಲ ಯೂಸರ್‌ದು ಮಾತ್ರ ಬೇಕಾದರೆ ಊಬಿಸಿಸ್ಟಮ್‌ನ ಫಸ್ಟ್‌ಲಾಗಾನ್‌ಕಮಾಂಡ್ಸ್. ಅಲ್ಲಿ ಬರೆದದ್ದು ತಕ್ಷಣ ಕಾಣದಿದ್ದರೆ ಗಾಬರಿ ಬೇಡ, ಎಕ್ಸ್‌ಪ್ಲೋರರ್ ಆಗಲೇ ಹಳೇ ಸೆಟ್ಟಿಂಗ್ ಓದಿಕೊಂಡು ಕೂತಿರುತ್ತೆ. ಒಮ್ಮೆ ಲಾಗ್ ಆಫ್ ಮಾಡಿ ನೋಡಿ.

ಸೆಟಪ್‌ಕಂಪ್ಲೀಟ್ ಬಗ್ಗೆ ಇನ್ನೊಂದು ಮಾತು. ಓಇಎಂ (ಕಂಪ್ಯೂಟರ್ ತಯಾರಕರೇ ಕೊಟ್ಟ) ಪ್ರಾಡಕ್ಟ್ ಕೀ ಇರುವ ಮೆಷಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಓಡೋದೇ ಇಲ್ಲ. ವರ್ಚುವಲ್ ಮೆಷಿನ್‌ನಲ್ಲಿ ಸರಿಯಾಗಿ ಓಡಿ, ನಿಜವಾದ ಲ್ಯಾಪ್‌ಟಾಪ್‌ನಲ್ಲಿ ಕೈಕೊಟ್ಟರೆ ಮೊದಲು ಇದನ್ನು ಅನುಮಾನಿಸಿ.

ಇನ್‌ಸ್ಟಾಲ್‌ಗೂ ಮೊದಲೇ ವಿಂಡೋಸ್‌ನ ಇಮೇಜ್ ಫೈಲನ್ನೇ ಮೌಂಟ್ ಮಾಡಿ ಅದರ ಸಿಸ್ಟಮ್ ಹೈವ್ ಲೋಡ್ ಮಾಡಿ ತಿದ್ದುವವರು ಇದ್ದೀರಿ. ಅಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್ ಅಂತ ಕೀ ಇರಲ್ಲ, ಅದು ಬೂಟ್ ಆದಾಗ ಮಾತ್ರ ಮೂಡುವ ಹೆಸರು. ಇರೋದು ಕಂಟ್ರೋಲ್‌ಸೆಟ್001. ನಿಮ್ಮ ಸ್ಕ್ರಿಪ್ಟ್ ಕರೆಂಟ್ ಅಂತಲೇ ಬರೆದರೆ ರೆಗ್ ಆಡ್ ಪಾಪ ಹೊಸದಾಗಿ ಒಂದು ಕೀ ಮಾಡಿ ಕೊಡುತ್ತೆ, ಬೇಡ ಅನ್ನಲ್ಲ. ಉಪಯೋಗ ಮಾತ್ರ ಸೊನ್ನೆ.

32 ಬಿಟ್ ಪ್ರೋಗ್ರಾಂ ಒಳಗಿಂದ ಸ್ಕ್ರಿಪ್ಟ್ ಕರೆದಾಗಲೂ ಹೀಗೇ. ಎಚ್‌ಕೆಎಲ್‌ಎಂ ಸಾಫ್ಟ್‌ವೇರ್‌ಗೆ ಅಂತ ಬರೆದದ್ದು 32 ಬಿಟ್ ಪ್ರೋಗ್ರಾಂಗಳಿಗೆಂದೇ ಇರುವ ವಾವ್6432ನೋಡ್ ಒಳಗೆ ಹೋಗಿ ಕೂರುತ್ತೆ. ರೆಗ್ ಆಡ್ ಕೊನೆಗೆ ರೆಗ್:64 ಅನ್ನೋ ಸ್ವಿಚ್ ಹಾಕಿದರೆ ಮುಗಿಯಿತು.

ಬರವಣಿಗೆಯ ತಪ್ಪುಗಳು ಇಲ್ಲವೇ ಇಲ್ಲ ಅಂತಲ್ಲ, ಇವೆ. ಬೇಗ ಹೇಳಿ ಮುಗಿಸ್ತೀನಿ. ರಿಜಿಸ್ಟ್ರಿಗೆ ಸೇರಿಸಬೇಕಾದದ್ದನ್ನು ಬರೆದಿಡುವ ಡಾಟ್ ರೆಗ್ ಫೈಲ್‌ನಲ್ಲಿ ಎಚ್‌ಕೆಸಿಯು ಅನ್ನೋ ಚಿಕ್ಕ ಹೆಸರು ನಡೆಯಲ್ಲ, ಪೂರ್ತಿ ಹೆಸರೇ ಬೇಕು. ವ್ಯಾಲ್ಯೂ ಆಗಿ ಕೋಟ್ಸ್ ಒಳಗೆ ಬರೆಯುವ ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಎರಡೆರಡು, ಕೀ ಹೆಸರಿನಲ್ಲಿ ಒಂದೇ. ಡಿವರ್ಡ್ (ಸಂಖ್ಯೆಯ ವ್ಯಾಲ್ಯೂ) ಹೆಕ್ಸ್‌ನಲ್ಲಿರುತ್ತೆ, ಅಲ್ಲಿ 10 ಅಂತ ಬರೆದರೆ 16. ಬ್ಯಾಚ್ ಫೈಲ್‌ನಲ್ಲಿ ಪರ್ಸೆಂಟ್ ಚಿಹ್ನೆ ಹಾಗೇ ಉಳಿಯಬೇಕಾದರೆ ಎರಡು ಸಲ ಹಾಕಬೇಕು. ಆನ್ಸರ್ ಫೈಲ್ ಒಳಗೆ ಆಂಪರ್ಸೆಂಡ್ ಬರಿದೇ ಇಟ್ಟರೆ ಎಕ್ಸ್‌ಎಂಎಲ್ಲೇ ಮುರಿಯುತ್ತೆ. ರೆಗ್ ಆಡ್‌ಗೆ ಎಫ್ ಸ್ವಿಚ್ ಮರೆತರೆ, ವ್ಯಾಲ್ಯೂ ಆಗಲೇ ಇದ್ದಾಗ 'ಓವರ್‌ರೈಟ್ ಮಾಡಲಾ?' ಅಂತ ಕೇಳಿ ಕಾಯುತ್ತೆ. ಉತ್ತರ ಕೊಡುವವರು ಯಾರು? ಅಲ್ಲಿ ಯಾರೂ ಇಲ್ಲವಲ್ಲ.

ಹುಡುಕೋದು ಹೇಗೆ ಅಂದರೆ, ಮೊದಲು ರೆಗ್‌ಎಡಿಟ್ ಎಸ್ ಸ್ವಿಚ್ ಬಳಸೋದು ಬಿಡಿ. ಅದು ತಪ್ಪಾದರೂ ಬಾಯಿ ಬಿಡಲ್ಲ. ಬದಲಿಗೆ ರೆಗ್ ಇಂಪೋರ್ಟ್. ಅದರ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದೇ ಟೆಕ್ಸ್ಟ್ ಫೈಲ್‌ಗೆ ಸೇರಿಸಿ. ಮುಂದಿನ ಸಾಲಿನಲ್ಲೇ ರೆಗ್ ಕ್ವೆರಿ ಹಾಕಿ, ಈಗಷ್ಟೇ ಬರೆದದ್ದನ್ನು ಓದಿಸಿ. ಓದಿದಾಗ ಇಲ್ಲ ಅಂದರೆ ಕಮಾಂಡೇ ತಪ್ಪು. ಆಗ ಇತ್ತು, ಲಾಗಿನ್ ಆದ ಮೇಲೂ ಆ ಹೈವ್‌ನಲ್ಲಿ ಇದೆ, ಆದರೆ ಪರಿಣಾಮ ಇಲ್ಲ ಅಂದರೆ ಬೇರೆಯವರ ಹೈವ್, ಅಥವಾ ಈ ವರ್ಷನ್‌ನಲ್ಲಿ ವಿಂಡೋಸ್ ಆ ಕೀ ಓದೋದನ್ನೇ ಬಿಟ್ಟಿದೆ. ಆಗ ಇತ್ತು, ಈಗ ಇಲ್ಲ ಅಂದರೆ ಒಂದೋ ವಿಂಡೋಸ್‌ಪಿಇಯಲ್ಲಿ ಬರೆದದ್ದು, ಇಲ್ಲಾ ಆಮೇಲೆ ಬೇರೆ ಯಾವುದೋ ಪ್ರೋಗ್ರಾಂ ಅದನ್ನು ಬದಲಿಸಿದೆ, ಯಾವ ಪ್ರೋಗ್ರಾಂ ಏನು ಬರೆಯಿತು ಅಂತ ತೋರಿಸುವ ಪ್ರೊಸೆಸ್ ಮಾನಿಟರ್ ಹಾಕಿ ಹಿಡಿಯಬೇಕು. ಫೈಲ್ ಅಸೋಸಿಯೇಷನ್‌ದು (ಯಾವ ಫೈಲ್ ಯಾವ ಪ್ರೋಗ್ರಾಂನಲ್ಲಿ ತೆರೆಯಬೇಕು ಅನ್ನೋದು) ಇನ್ನೊಂದು ಕತೆ: ವಿಂಡೋಸ್ 8ರಿಂದ ಯೂಸರ್‌ಚಾಯ್ಸ್ ಕೀಯಲ್ಲಿ ಹ್ಯಾಶ್ (ತಿದ್ದಿದರೆ ಪತ್ತೆ ಹಚ್ಚುವ ಗುರುತು) ಇರುತ್ತೆ, ನೀವು ಬರೆದದ್ದು ಆ ಹ್ಯಾಶ್‌ಗೆ ಹೊಂದದಿದ್ದರೆ ವಿಂಡೋಸ್ ಕಿತ್ತು ಬಿಸಾಕುತ್ತೆ. ಅಲ್ಲಿ ಗುದ್ದಾಡಬೇಡಿ.

ಸೆಟಪ್‌ನ ಸ್ವಂತ ಲಾಗ್ ಸಿ ಡ್ರೈವ್‌ನ ವಿಂಡೋಸ್ ಒಳಗೆ ಪ್ಯಾಂಥರ್ ಫೋಲ್ಡರ್‌ನಲ್ಲಿದೆ, ಸೆಟಪ್‌ಆಕ್ಟ್ ಮತ್ತು ಸೆಟಪ್‌ಎರ್. ಸ್ಪೆಷಲೈಸ್ ಮತ್ತು ಆಮೇಲಿನ ಪಾಸ್‌ಗಳದ್ದು ಅದರೊಳಗಿನ ಅನ್‌ಅಟೆಂಡ್‌ಜಿಸಿ ಫೋಲ್ಡರ್‌ನಲ್ಲಿ. ಇನ್‌ಸ್ಟಾಲ್ ಮಧ್ಯದಲ್ಲೇ ನೋಡಬೇಕಾ? ಶಿಫ್ಟ್ ಎಫ್10 ಒತ್ತಿ, ಕಮಾಂಡ್ ವಿಂಡೋ ತೆರೆಯುತ್ತೆ.

ಅದೇ ವಿಂಡೋದಲ್ಲಿ, ಹೇಗೂ ಅಲ್ಲಿದ್ದೀರಿ, ಲಾಗಿನ್ ಸೆಟ್ಟಿಂಗ್ ಇರುವ ವಿನ್‌ಲಾಗಾನ್ ಕೀಯನ್ನೂ ಒಮ್ಮೆ ಕ್ವೆರಿ ಮಾಡಿ. ಆಟೋ ಲಾಗಿನ್‌ಗೆ ಅಂತ ಸ್ಕ್ರಿಪ್ಟ್‌ನಿಂದ ನೀವೇ ಬರೆದ ಡಿಫಾಲ್ಟ್‌ಪಾಸ್‌ವರ್ಡ್ ಅಲ್ಲಿ ಹಾಗೇ, ಯಾರು ಬೇಕಾದರೂ ಓದುವ ಹಾಗೆ ಬಿದ್ದಿರುತ್ತೆ. ಅದನ್ನು ಅಳಿಸುವ ಸಾಲನ್ನು ಲಾಗಿನ್ ಆದ ಮೇಲೆ ಓಡುವ ಸ್ಕ್ರಿಪ್ಟ್‌ನ ಕೊನೆಗೆ ಸೇರಿಸಿಬಿಡಿ.