ಒಡ್ಡಿನ ಕಾಡು ತೊಗರಿ, ಎಲೆಯಡಿಯ ನುಸಿ

ಎಲ್ಲರಿಗೂ ಶರಣು ಶರಣಾರ್ಥಿ.

ಹೋದ ವರ್ಷ ದಸರಾ ದಾಟಿದ ಮೇಲೆ ಆಳಂದ ಕಡೆ ಕಾಕಾನ ಹೊಲಕ್ಕೆ ಹೋಗಿದ್ದೆ. ಎರೆ ಭೂಮಿ, ತೊಗರಿಗೆ ಹೂ ಬಿಡುವ ಹೊತ್ತು. ಹೊಲವೆಲ್ಲ ಹಳದಿ. ನಡುವೆ ನಾಲ್ಕಾರು ಗಿಡಗಳಲ್ಲಿ ಮಾತ್ರ ಒಂದು ಹೂವಿಲ್ಲ. ಸಣ್ಣ ಸಣ್ಣ ಎಲೆ, ತಿಳಿ ಹಸಿರು ಬಣ್ಣ, ಪೊದೆಯಂತೆ ಒತ್ತಾಗಿ ಬೆಳೆದಿವೆ. "ಇವು ಎಷ್ಟು ಸೊಂಪಾಗ್ಯಾವ ನೋಡು" ಅಂದ ಕಾಕಾ. ನನಗೆ ಹೊಟ್ಟೆ ಧಸಕ್ಕೆಂದಿತು. ಅದು ಗೊಡ್ಡು ರೋಗ. ಕೆಲವರು ಬಂಜೆ ರೋಗ ಅಂತಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ, ಬಿಡಿ.

ರೋಗ ತರುವುದು ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ನುಸಿ. ಬೀಜದಿಂದ ಈ ರೋಗ ಬರುವುದಿಲ್ಲ. ನುಸಿಯ ಉದ್ದ ಒಂದು ಮಿಲಿಮೀಟರಿನ ಐದನೇ ಒಂದು ಪಾಲು. ಜೇಡನ ಬಳಗದ್ದಾದರೂ ಕಾಲು ಎಂಟಲ್ಲ, ನಾಲ್ಕೇ. ಎಲ್ಲವೂ ತಲೆಯ ಹತ್ತಿರ, ಹಿಂದೆ ಗಜ್ಜರಿಯಂತೆ ಚೂಪಾದ ಮೈ. ರೆಕ್ಕೆ ಇಲ್ಲ, ಗಾಳಿಯೇ ಅದರ ಬಸ್ಸು. ಎಲೆಯ ಅಡಿಗೆ ಕೂತು ರಸ ಹೀರುತ್ತದೆ. ಹೀರುವುದರಿಂದ ಆಗುವ ನಷ್ಟ ಅಷ್ಟಕ್ಕಷ್ಟೇ, ಅದು ಬಿಟ್ಟುಹೋಗುವ ವೈರಸ್ಸೇ ಹೊಲ ಹಾಳು ಮಾಡುವುದು. ಬಿತ್ತಿದ 45 ದಿನದೊಳಗೆ ತಗುಲಿತೋ, ಆ ಗಿಡದ ಕಾಯಿಯ ಆಸೆ ಬಿಡಬೇಕು.

ಅದೇ ಹೊಲದ ಒಡ್ಡಿನ ಮೇಲೆ ಹುಲ್ಲಿಗೆ ಸುತ್ತಿಕೊಂಡು ಇನ್ನೊಂದು ಬಳ್ಳಿ ಹಬ್ಬಿತ್ತು. ಕಾಡು ತೊಗರಿ. ಮೂರು ಮೂರು ಎಲೆ, ಮುಟ್ಟಿದರೆ ಮಖಮಲ್ಲು. ಪುಟ್ಟ ಹಳದಿ ಹೂ. ಕಾಯಿ ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ, ಮೈತುಂಬ ದಟ್ಟ ರೋಮ. ಕಾಯಿಕೊರಕ ಹುಳದ ಮರಿಗೆ ಆ ರೋಮದ ಕಾಡು ದಾಟುವುದು ಸುಲಭವಲ್ಲ. ನಮ್ಮ ತೊಗರಿಗೆ ಆ ಗುಣ ಇಲ್ಲ, ಅದಕ್ಕೇ ತಳಿ ವಿಜ್ಞಾನಿಗಳು ಈ ಕಳೆಯನ್ನು ಜೋಪಾನ ಮಾಡುತ್ತಾರೆ.

ಎರಡೂ ಬದುಕುವ ರೀತಿ ನೋಡಿ. ಕಾಡು ತೊಗರಿಗೆ ಯಾರ ಹಂಗೂ ಇಲ್ಲ. ನೀರು ಕೊಡಬೇಡಿ, ಗೊಬ್ಬರ ಹಾಕಬೇಡಿ, ಎಮ್ಮೆ ಮೇಯ್ದು ಹೋದರೂ ಮತ್ತೆ ಚಿಗುರುತ್ತದೆ. ನುಸಿ ಹಾಗಲ್ಲ. ತೊಗರಿ ಮತ್ತು ಅದರ ಕಾಡು ನೆಂಟರನ್ನು ಬಿಟ್ಟರೆ ಅದಕ್ಕೆ ಬೇರೆ ಮನೆ ಸಿಗುವುದೇ ಕಡಿಮೆ. ಆದರೆ ಸುಗ್ಗಿ ಮುಗಿದ ಮೇಲೆ ಅದು ಎಲ್ಲಿರುತ್ತದೆ? ಕೊಯ್ದ ಕೂಳೆ ಚಿಗುರಿದ್ದರೆ ಅಲ್ಲಿ, ಒಮ್ಮೊಮ್ಮೆ ಇದೇ ಕಾಡು ತೊಗರಿಯ ಎಲೆಯಡಿಯಲ್ಲೂ. ಕಾಡು ತೊಗರಿಯೆಂದರೆ ನನಗೆ ಅಕ್ಕರೆ, ಆದರೂ ಈ ಮಾತು ಮುಚ್ಚಿಡಲಾರೆ.

ತೊಗರಿಯ ಮಾರುತಿ ತಳಿ ಗಿಡ ಸೊರಗಿ ಒಣಗಿಸುವ ಸಿಡಿ ರೋಗಕ್ಕೆ ಗಟ್ಟಿ, ಗೊಡ್ಡು ರೋಗಕ್ಕೆ ಬಗ್ಗುತ್ತದೆ. ಬಿಎಸ್‌ಎಂಆರ್ 736 ಎಂಬ ತಳಿ ಎರಡನ್ನೂ ತಡೆಯುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಪಟ್ಟ, ಅಂದರೆ ಊರ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದೆ, ಸರಿ. ನುಸಿಗೆ ಅದೆಲ್ಲ ಯಾವ ಲೆಕ್ಕ?

ಕಾಕಾ ಆ ಸೊಂಪು ಗಿಡಗಳನ್ನು ಕಿತ್ತು ಒಂದು ಕಡೆ ಹಾಕಿದ. ಒಂದು ಎಲೆ ಮಗುಚಿ ಬಿಸಿಲಿಗೆ ಹಿಡಿದ. ತಿರುಗಿಸಿದ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ. "ಹುಳ ಎಲ್ಲದ, ತೋರ್ಸು" ಅಂದ. ಭೂತಗನ್ನಡಿ ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ.